ಇನ್‌ಹೇಲರ್ ಎಳೆದ್ರೆ ಗಂಟಲು ಕೂರುತ್ತೆ, ಅದನ್ನ ಮೊದ್ಲೇ ಹೇಳಿ

ಮಾನ್ಯ ಸಂಪಾದಕರಿಗೆ ಕೋಲಾರದಿಂದ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಆಸ್ತಮಾ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗೇ ಇತ್ತು. ಮಾತ್ರೆ ಆದ್ರೆ ಮೈಯೆಲ್ಲಾ ಸುತ್ತಿ ಬರುತ್ತೆ, ಇನ್‌ಹೇಲರ್ ಔಷಧಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತೆ, ಡೋಸು ಮೈಕ್ರೋಗ್ರಾಮ್ ಲೆಕ್ಕದಲ್ಲಿರುತ್ತೆ, ಪಂಪು ಎಳೆದ್ರೆ ಚಟ ಹತ್ಕೊಳುತ್ತೆ ಅನ್ನೋದು ಸುಳ್ಳು, ಇದೆಲ್ಲಾ ನಮ್ಮ ಜನಕ್ಕೆ ಹೇಳಲೇಬೇಕಾದ ಮಾತು. ಆದ್ರೆ ಕೊನೇಲಿ ಇನ್‌ಹೇಲರ್‌ನಿಂದ ಯಾವ ಅಡ್ಡಪರಿಣಾಮಾನೂ ಇಲ್ಲ ಅಂತ ಒಂದು ಲೈನು ಹಾಕಿದ್ರಲ್ಲ, ಅಲ್ಲಿ ನಾನು ಪೇಪರ್ ಮಡಚಿಟ್ಟು ಈ ಪತ್ರ ಟೈಪ್ ಮಾಡೋಕೆ ಕೂತೆ. ಯಾಕಂದ್ರೆ ನಾನು ಗಂಟಲಲ್ಲಿ ದುಡ್ಕೊಂಡು ತಿನ್ನೋನು. ಕೋಲಾರ ಎಪಿಎಂಸಿಲಿ ಟೊಮೆಟೊ ಮಂಡೀಲಿ ಹರಾಜು ಕೂಗ್ತೀನಿ. ಬೆಳಗ್ಗೆ ಎರಡು ಸಲ ಸಂಜೆ ಎರಡು ಸಲ ಎಳೆಯೋ ಪ್ರಿವೆಂಟರ್ ಇನ್‌ಹೇಲರ್, ಅಂದ್ರೆ ಆಸ್ತಮಾ ಏಳದಂಗೆ ತಡೆಯೋದು, ಶುರು ಮಾಡಿದ ಮೇಲೆ ನನ್ನ ದಮ್ಮು ಹೋಯ್ತು, ಅದರ ಜೊತೆಗೆ ದನೀನೂ ಹೋಯ್ತು.

ನಮ್ಮ ಮಾರ್ಕೆಟ್ ನೋಡದೆ ಇರೋರಿಗೆ ಸ್ವಲ್ಪ ಹೇಳ್ಬೇಕು. ಟೊಮೆಟೊಗೆ ಏಷ್ಯಾದಲ್ಲೇ ದೊಡ್ಡ ಮಾರ್ಕೆಟ್‌ಗಳಲ್ಲಿ ಒಂದು ಅಂತ ನೀವೇ ಪೇಪರ್‌ನಲ್ಲಿ ಬರೀತೀರಿ. 15 ಕೆಜಿ ಬಾಕ್ಸು ಸಾಲು ಸಾಲು ಜೋಡಿಸಿರ್ತಾರೆ, ರೈತ ಒಂದು ಕಡೆ, ಹೊರಗಡೆಯಿಂದ ಬಂದ ವ್ಯಾಪಾರಸ್ಥರು ಒಂದು ಕಡೆ, ಮಧ್ಯದಲ್ಲಿ ಲಾರಿ ಹಾರನ್ನು, ಹಮಾಲಿಗಳ ಕೂಗಾಟ, ಪಕ್ಕದ ಮಂಡಿಯವನ ಹರಾಜು, ಇಷ್ಟರ ಮೇಲೆ ನನ್ನ ದನಿ ಹೋಗ್ಬೇಕು. 2023ರ ಜುಲೈನಲ್ಲಿ ಬಾಕ್ಸು 2000 ರೂಪಾಯಿ ದಾಟಿದಾಗ ದೇಶದವರೆಲ್ಲಾ ನಮ್ಮ ಕಡೆ ನೋಡಿದ್ರು, ಆದ್ರೆ ಮಿಕ್ಕಿದ ದಿನಗಳಲ್ಲಿ ಬಾಕ್ಸಿಗೆ ಹತ್ತು ರೂಪಾಯಿ ಹೆಚ್ಚು ಕಮ್ಮಿ ಅನ್ನೋದ್ರಲ್ಲೇ ರೈತನ ಗಾಡಿ ಬಾಡಿಗೆ ನಿಂತಿರುತ್ತೆ. ಆ ಹತ್ತು ರೂಪಾಯಿ ಏರ್ಸೋದು ಕೂಗೋನ ಗಂಟಲು. ಮುನ್ನೂರಾ ಹತ್ತು, ಮುನ್ನೂರಾ ಇಪ್ಪತ್ತು ಅಂತ ಏರಿಸ್ಕೊಂಡು ಹೋಗುವಾಗ ದನಿ ಒಡೆದು ಗಾಳಿ ಮಾತ್ರ ಆಚೆ ಬಂದ್ರೆ ಕೊಳ್ಳೋನು ಅಲ್ಲಿಗೆ ಮುಗೀತು ಅನ್ಕೋತಾನೆ.

ಮೊದಲು ಹಿಂಗೆ ಆಗಿದ್ದು ಇನ್‌ಹೇಲರ್ ಶುರುವಾಗಿ ಕೆಲವು ವಾರಕ್ಕೆ. ಗಂಟಲು ನೋವಿಲ್ಲ, ಜ್ವರ ಇಲ್ಲ, ನೆಗಡಿ ಇಲ್ಲ. ಬೆಳಗ್ಗೆ ಎದ್ದಾಗ ದನಿ ಒಂಥರಾ ಗೊಗ್ಗರು, ಹತ್ತು ಗಂಟೆ ಹೊತ್ತಿಗೆ ಒಂದಷ್ಟು ತೆರ್ಕೊಳುತ್ತೆ, ಕೂಗಿ ಕೂಗಿ ಮಧ್ಯಾಹ್ನಕ್ಕೆ ಪೂರ್ತಿ ಕೂತ್ಬಿಡುತ್ತೆ. ಮೆಲ್ಲಗೆ ಮಾತಾಡೋಕೆ ತೊಂದರೆ ಇರ್ಲಿಲ್ಲ, ಜೋರು ಮಾಡಿದ ತಕ್ಷಣ ಕೈ ಕೊಡ್ತಿತ್ತು. ಸುತ್ತ ಇರೋರೆಲ್ಲಾ ಡಾಕ್ಟ್ರಾಗ್ಬಿಟ್ರು. ಒಬ್ರು ಐಸ್‌ಕ್ರೀಮ್ ತಿಂದಿದ್ದೀಯ ಅಂದ್ರು, ಒಬ್ರು ರಾತ್ರಿ ಜಾಸ್ತಿ ಆಯ್ತಾ ಅಂತ ಕಣ್ಣು ಹೊಡೆದ್ರು, ನಮ್ಮತ್ತೆ ಯಾರದೋ ಕಣ್ಣು ಬಿದ್ದೈತೆ ಅಂತ ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದ್ರು, ಆ ಘಾಟಿಗೆ ನನಗೆ ಇನ್ನಷ್ಟು ಕೆಮ್ಮು ಬಂತು ಅದು ಬೇರೆ ಕಥೆ. ಫೋನ್ ಮಾಡಿದ್ರೆ ನಮ್ಮ ಅಕ್ಕನೇ ಯಾರಪ್ಪಾ ಮಾತಾಡೋದು ಅಂತ ಕೇಳೋಳು. ಇನ್‌ಹೇಲರ್ ಅಂತ ಯಾರಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ, ಹೊಳಿಯೋದಾದ್ರೂ ಹೆಂಗೆ, ಬರೆದುಕೊಟ್ಟ ಡಾಕ್ಟ್ರು ಹೇಳಿರ್ಲಿಲ್ಲ, ಕೊಟ್ಟ ಮೆಡಿಕಲ್ ಶಾಪಿನವರು ಹೇಳಿರ್ಲಿಲ್ಲ, ಡಬ್ಬಿ ಒಳಗಿನ ಚೀಟೀಲಿ ಇರ್ವೆ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ.

ಆಮೇಲೆ ಇಎನ್‌ಟಿ ಡಾಕ್ಟ್ರ ಹತ್ರ ಹೋದಾಗ ಅವರು ಮೊದಲು ಕೇಳಿದ್ದೇ ಯಾವ ಪಂಪು ಎಳೀತೀರಿ, ಎಳೆದ ಮೇಲೆ ಏನ್ ಮಾಡ್ತೀರಿ ಅಂತ. ಮೂಗಿಂದ ಸಣ್ಣ ಕ್ಯಾಮೆರಾ ಇಳಿಸಿ ಟೀವೀಲಿ ನನ್ನ ಧ್ವನಿಪೆಟ್ಟಿಗೆ ನನಗೇ ತೋರಿಸಿದ್ರು. ಗಂಟಲಲ್ಲಿ ಎರಡು ಧ್ವನಿತಂತು ಇರ್ತವೆ, ಮಾತಾಡುವಾಗ ಅವು ಬಾಗಿಲಿನ ಎರಡು ರೆಕ್ಕೆ ತರ ಬಂದು ಕೂಡ್ಕೋಬೇಕು, ನನ್ನದು ಮಧ್ಯದಲ್ಲಿ ಸೊಟ್ಟಗಾಗಿ ಸಂದಿ ಬಿಡ್ತಿತ್ತು, ಆ ಸಂದೀಲಿ ಗಾಳಿ ಸೋರಿ ಹೋಗೋದು. ಇನ್‌ಹೇಲರ್‌ನಲ್ಲಿರೋ ಸ್ಟೀರಾಯ್ಡ್ ಔಷಧಿ ಅಲ್ಲೇ ದಿನಾ ಕೂತು ಕೂತು ಆ ತಂತು ಎಳೆಯೋ ಸಣ್ಣ ಸ್ನಾಯುಗಳ ಕಸುವು ಕಮ್ಮಿ ಆಗುತ್ತೆ ಅಂತ ಅವರು ಬಿಡಿಸಿ ಹೇಳಿದ್ರು. ಇದೇನು ನಿನ್ನೆ ಮೊನ್ನೆ ಗೊತ್ತಾದ ವಿಷಯ ಅಲ್ಲ. ಸ್ಟೀರಾಯ್ಡ್ ಇನ್‌ಹೇಲರ್ ಎಳೆಯೋರಲ್ಲಿ ಧ್ವನಿತಂತು ಹಿಂಗೆ ಬಾಗೋದನ್ನ 1983ರಲ್ಲೇ ಇಂಗ್ಲೆಂಡಿನ ಥೊರಾಕ್ಸ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದಿದಾರೆ. ಅಷ್ಟು ಹಳೇ ಸಂಗತಿ 40 ವರ್ಷ ಆದ್ರೂ ನಮ್ಮ ಓಪಿಡಿ ಚೀಟಿಗೆ ಇಳಿದಿಲ್ಲ.

ಎಲ್ಲರಿಗೂ ಒಂದೇ ಕಾರಣ ಇರಲ್ಲ. ಕೆಲವರಿಗೆ ಬಾಯಿ, ಗಂಟಲಲ್ಲಿ ಬಿಳಿ ಬಿಳಿ ಪೊರೆ ಕಟ್ಟುತ್ತೆ, ಅದು ಕ್ಯಾಂಡಿಡಾ ಅನ್ನೋ ಬೂಷ್ಟು, ಸ್ಟೀರಾಯ್ಡ್ ಬಿದ್ದ ಜಾಗದಲ್ಲಿ ಬೆಳೆಯುತ್ತೆ, ಅದಕ್ಕೆ ಬೇರೆ ಔಷಧಿ ಇದೆ, ಹಾಕಿದ್ರೆ ಹೋಗುತ್ತೆ. ಕೆಲವರಿಗೆ ಪುಡಿ ಇನ್‌ಹೇಲರ್‌ನ ಪುಡಿಯೇ ಕೆರೆಯುತ್ತೆ. ಕೆಲವರಿಗೆ ಆಸ್ತಮಾ ಕೆಮ್ಮೇ ಗಂಟಲು ಹಾಳು ಮಾಡಿರುತ್ತೆ, ಇನ್ನು ಕೆಲವರಿಗೆ ಹೊಟ್ಟೆ ಆಸಿಡ್ ಮೇಲೆ ಬಂದು ಸುಡ್ತಿರುತ್ತೆ. ಎಷ್ಟೋ ಜನಕ್ಕೆ ವರ್ಷಗಟ್ಟಲೆ ಎಳೆದ್ರೂ ಏನೂ ಆಗಲ್ಲ. ಡೋಸು ಜಾಸ್ತಿ ಇದ್ದಷ್ಟೂ, ಗಂಟಲಿಗೆ ಕೆಲಸ ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ. ಮನೇಲಿ ಎರಡು ಮಾತಾಡ್ಕೊಂಡು ಇರೋರಿಗೆ ಗೊತ್ತೇ ಆಗಲ್ಲ, ಮೇಷ್ಟ್ರು, ಕಂಡಕ್ಟರ್, ಅಂಗನವಾಡಿ ಟೀಚರ್, ಪುರೋಹಿತರು, ತಳ್ಳುಗಾಡಿ ತರಕಾರಿಯವರು, ಭಜನೆ ಹಾಡೋರು, ಇವರಿಗೆ ತಕ್ಷಣ ಗೊತ್ತಾಗುತ್ತೆ.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು. ಇನ್‌ಹೇಲರ್ ಅಂದ್ರೆ ಎಲ್ಲಾ ಒಂದೇ ಅಲ್ಲ. ದಮ್ಮು ಎದ್ದಾಗ ತಕ್ಷಣ ಎಳೆಯೋ ಸಾಲ್ಬುಟಮಾಲ್ ಪಂಪಲ್ಲಿ ಸ್ಟೀರಾಯ್ಡ್ ಇರಲ್ಲ. ದಿನಾ ಎಳೆಯೋಕೆ ಕೊಡೋ ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್, ಇವು ಸ್ಟೀರಾಯ್ಡು. ಶ್ವಾಸನಾಳದ ಒಳಗಿನ ಊತ ಇಳಿಸಿ ದಮ್ಮು ಬರದಂಗೆ ತಡೆಯೋವು ಇವೇ, ದನಿ ಕೂರಿಸೋವೂ ಇವೇ. ತಮಾಷೆ ಏನಂದ್ರೆ ಇವುಗಳ ಉಪಕಾರ ಕಣ್ಣಿಗೆ ಕಾಣಲ್ಲ, ಎಳೆದ ತಕ್ಷಣ ಎದೆ ಹಗುರ ಆಗಲ್ಲ, ನಿಧಾನಕ್ಕೆ ಕೆಲಸ ಮಾಡ್ತವೆ. ಉಪದ್ರವ ಮಾತ್ರ ಬಾಯಿ ಬಿಟ್ರೆ ಊರಿಗೆಲ್ಲಾ ಕೇಳುತ್ತೆ. ಹಿಂಗಿದ್ಮೇಲೆ ಜನ ಯಾವುದನ್ನ ಬಿಸಾಕ್ತಾರೆ ಅಂತ ನೀವೇ ಹೇಳಿ.

ನಮ್ಮ ಸಾಲಿನಲ್ಲೇ ಒಬ್ಬ ಹಮಾಲಿ ಅಣ್ಣ ಇದಾನೆ, ಅವನಿಗೂ ಗೂರಲು. ಅವನಿಗೂ ಪುಡಿ ಇನ್‌ಹೇಲರ್ ಕೊಟ್ಟಿದ್ರು, ಅವನ ದನೀನೂ ಕೂತ್ಕೊಂತು. ಇದು ಗಂಟಲು ತಿನ್ನೋ ಔಷಧಿ ಕಣಣ್ಣೋ ಅಂತ ಯಾರೋ ಹೇಳಿದ್ರು, ಗಂಟಲು ಕ್ಯಾನ್ಸರ್ ಬರುತ್ತೆ ಅಂತ ಇನ್ಯಾರೋ ಸೇರಿಸಿದ್ರು, ಅವನು ಎತ್ತಿ ಬಿಸಾಕಿ ದಮ್ಮು ಎದ್ದಾಗ ಎಳೆಯೋ ನೀಲಿ ಸಾಲ್ಬುಟಮಾಲ್ ಪಂಪು ಒಂದನ್ನೇ ಜೇಬಲ್ಲಿಟ್ಕೊಂಡು ಓಡಾಡ್ದ. ಚಳಿಗಾಲದ ಒಂದು ರಾತ್ರಿ ಉಸಿರು ಕಟ್ಟಿ ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ವಿ, ಆಕ್ಸಿಜನ್ ಇಟ್ರು, ಬದುಕ್ದ. ದನಿ ಕೂರೋ ವಿಷಯ ಅವನಿಗೆ ಮೊದ್ಲೇ ಹೇಳಿದ್ದಿದ್ರೆ ಅವನು ಬಿಡ್ತಿರ್ಲಿಲ್ಲ ಅಂತ ನಾನು ಗ್ಯಾರಂಟಿ ಹೇಳ್ತೀನಿ, ಯಾಕಂದ್ರೆ ಅವನೇ ಈಗ ಹಂಗಂತಾನೆ. ಅಡ್ಡಪರಿಣಾಮ ಇಲ್ಲ ಅಂತ ಬರೆಯೋರು ಜನ ಹೆದರ್ದೆ ಇರ್ಲಿ ಅನ್ನೋ ಒಳ್ಳೆ ಮನಸ್ಸಿಂದಾನೇ ಬರೀತಾರೆ, ಗೊತ್ತು. ಆದ್ರೆ ಇಲ್ಲ ಅಂದಿದ್ದು ಬಂದಾಗ ಜನ ಎರಡು ಪಟ್ಟು ಹೆದರ್ತಾರೆ, ಆಮೇಲೆ ನೀವು ಹೇಳಿದ್ದು ಯಾವುದನ್ನೂ ನಂಬಲ್ಲ.

ನಮ್ಮ ದೇಶದ ಲೆಕ್ಕ ಮೊದ್ಲೇ ಚೆನ್ನಾಗಿಲ್ಲ. ಪ್ರಪಂಚದ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಜನ ನಮ್ಮೋರು, ಆಸ್ತಮಾದಿಂದ ಸಾಯೋರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ನಮ್ಮೋರು. ರೋಗ ಅಷ್ಟಿದ್ದು ಸಾವು ಇಷ್ಟಿದೆ ಅಂದ್ರೆ ದಿನಾ ಎಳೀಬೇಕಾದ್ದನ್ನ ಜನ ಎಳೀತಿಲ್ಲ ಅಂತಾನೇ ಮುಖ್ಯವಾದ ಅರ್ಥ. ದಮ್ಮು ಎದ್ದಾಗೆಲ್ಲಾ ಉಸಿರು ಸಲೀಸು ಮಾಡೋ ಡೆರಿಫಿಲಿನ್ ಸೂಜಿ ಚುಚ್ಚಿಸ್ಕೊಂಡು ದಿನ ತಳ್ಳೋರು ನಮ್ಮಲ್ಲಿ ಬೇಕಾದಷ್ಟಿದಾರೆ. ಜೂನ್ ಬಂತು ಅಂದ್ರೆ ಮೃಗಶಿರಕ್ಕೆ ಹೈದರಾಬಾದಿಗೆ ಹೋಗಿ ಬತ್ತಿನಿ ಮನೆತನದವರು ಕೊಡೋ ಮೀನು ಪ್ರಸಾದ ನುಂಗಿ ಬರೋರೂ ಇದಾರೆ, ನಮ್ಮ ಕಡೆಯಿಂದ ರೈಲು ಹತ್ತೋರನ್ನ ನಾನೇ ನೋಡಿದೀನಿ, ನಂಬಿಕೆ ಅವರವರದು ನಾನು ಬೈಯಲ್ಲ. ಆದ್ರೆ ಮೀನು ನುಂಗಿ ಬಂದು ಪ್ರಿವೆಂಟರ್ ನಿಲ್ಲಿಸ್ಬೇಡಿ ಅಂತ ಮಾತ್ರ ಕೈ ಮುಗಿದು ಹೇಳ್ತೀನಿ.

ಈಗ ನನಗೆ ಏನೇನು ಉಪಯೋಗಕ್ಕೆ ಬಂತು ಅಂತ ಬರೀತೀನಿ, ಯಾರಿಗಾದ್ರೂ ಆಗ್ಲಿ.

ಎಲ್ಲಕ್ಕಿಂತ ಮೊದಲು ಬಾಯಿ ಮುಕ್ಕಳಿಸೋದು. ಮುಕ್ಕಳಿಸೋದು ಅಂದ್ರೆ ಬರೀ ಒಂದು ಗುಟುಕು ನೀರು ಕುಡಿಯೋದಲ್ಲ, ಕುಡಿದ್ರೆ ಆ ಔಷಧಿ ಹೊಟ್ಟೆಗೆ ಹೋಗುತ್ತೆ ಅಷ್ಟೇ. ಎಳೆದ ತಕ್ಷಣ, ಹತ್ತು ನಿಮಿಷ ಬಿಟ್ಕೊಂಡಲ್ಲ, ಬಾಯಿ ತುಂಬಾ ನೀರು ಹಾಕ್ಕೊಂಡು ಚೆನ್ನಾಗಿ ಮುಕ್ಕಳಿಸಿ ಉಗೀಬೇಕು, ಆಮೇಲೆ ತಲೆ ಹಿಂದಕ್ಕೆ ಬಗ್ಗಿಸಿ ಗಂಟಲಲ್ಲಿ ಗಳಗಳ ಅನ್ನಿಸಿ ಮತ್ತೆ ಉಗೀಬೇಕು. ಇದು ಮರೀದೆ ಇರೋಕೆ ಸುಲಭದ ದಾರಿ ಅಂದ್ರೆ ಇನ್‌ಹೇಲರ್‌ನ ಬ್ರಷ್ ಪಕ್ಕ ಇಡೋದು. ಬೆಳಗ್ಗೆ ಹಲ್ಲುಜ್ಜೋಕೆ ಮುಂಚೆ ಎಳಿಯೋದು, ರಾತ್ರಿ ಮಲಗೋಕೆ ಮುಂಚೆ ಎಳೆದು ಹಲ್ಲುಜ್ಜೋದು.

ಎರಡನೇದು ಎಳೆಯೋ ರೀತಿ. ಸ್ಪ್ರೇ ಪಂಪು ನೇರ ಬಾಯಿಗೆ ಹೊಡ್ಕೊಂಡ್ರೆ ಔಷಧೀಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಶ್ವಾಸಕೋಶಕ್ಕೆ ಹೋದ್ರೆ ಹೆಚ್ಚು, ಮಿಕ್ಕಿದ್ದೆಲ್ಲಾ ಬಾಯಿ ಗಂಟಲಲ್ಲೇ ಬಡಿದು ನಿಲ್ಲುತ್ತೆ. ಅದಕ್ಕೇ ಸ್ಪೇಸರ್ ಅಂತ ಪ್ಲಾಸ್ಟಿಕ್ ಬುರುಡೆ ಇರುತ್ತೆ, ಕೆಲವು ನೂರು ರೂಪಾಯಿ, ಪಂಪು ಅದಕ್ಕೆ ಸಿಕ್ಕಿಸಿ ಒಂದು ಸಲ ಒತ್ತಿ ನಿಧಾನಕ್ಕೆ ಉಸಿರೆಳ್ಕೊಂಡು ಹತ್ತು ಎಣಿಸೋವರೆಗೂ ತಡೀಬೇಕು. ದಪ್ಪ ಹನಿಗಳು ಬುರುಡೇಲೇ ಉಳೀತವೆ. ನಮ್ಮೂರಲ್ಲಿ ಸ್ಪೇಸರ್ ಮಕ್ಕಳಿಗೆ ಮಾತ್ರ ಅಂತ ಯಾರು ಹಬ್ಬಿಸಿದ್ರೋ, ಮೀಸೆ ಬಂದೋರು ಹಿಡ್ಕೊಳೋಕೆ ನಾಚ್ಕೋತಾರೆ. ಪುಡಿ ಇನ್‌ಹೇಲರ್ ಬೇರೆ ಕಥೆ, ಅದು ಕ್ಯಾಪ್ಸೂಲ್ ಹಾಕಿ ತಿರುಗಿಸಿ ಜೋರಾಗಿ ಒಂದೇ ಸಲ ಎಳೀಬೇಕು, ಮೆಲ್ಲಗೆ ಎಳೆದ್ರೆ ಪುಡಿ ಗಂಟಲಲ್ಲೇ ಕೂರುತ್ತೆ. ಆ ಕ್ಯಾಪ್ಸೂಲ್‌ನ ಮಾತ್ರೆ ಅಂದ್ಕೊಂಡು ನೀರಲ್ಲಿ ನುಂಗೋರೂ ಇದಾರೆ ಅಂದ್ರೆ ನಗ್ಬೇಡಿ, ಹೇಳ್ಕೊಡೋರಿಲ್ಲ.

ಸ್ಪೇಸರ್ ಬಗ್ಗೆ ಒಂದು ನಿಜ ಹೇಳ್ಬೇಕು. ಬಾಯಲ್ಲಿ ಬೂಷ್ಟು ಕಟ್ಟೋದನ್ನ ಅದು ಚೆನ್ನಾಗಿ ತಡೆಯುತ್ತೆ, ಆದ್ರೆ ದನಿಗೆ ಎಲ್ಲರಿಗೂ ಅಷ್ಟೇ ಗುಣ ಸಿಗಲ್ಲ. ಯಾಕಂದ್ರೆ ಶ್ವಾಸಕೋಶಕ್ಕೆ ಹೋಗೋ ಔಷಧಿ ಧ್ವನಿಪೆಟ್ಟಿಗೆ ಮಧ್ಯದಿಂದಾನೇ ಹಾದು ಹೋಗ್ಬೇಕು, ಬೇರೆ ದಾರಿ ಇಲ್ಲ. ಎಷ್ಟು ಮುಕ್ಕಳಿಸಿದ್ರೂ ನೀರು ಅಲ್ಲೀವರೆಗೆ ಇಳಿಯಲ್ಲ. ನನಗೆ ಪುಡಿಯಿಂದ ಸ್ಪೇಸರ್ ಪಂಪಿಗೆ ಬದಲಾಯಿಸಿದ ಮೇಲೆ ಅರ್ಧಕ್ಕರ್ಧ ಸರಿ ಹೋಯ್ತು, ಮಿಕ್ಕಿದ್ದಕ್ಕೆ ಡೋಸು ಇಳಿಸ್ಬೇಕಾಯ್ತು. ಡೋಸು ಇಳಿಸೋದು ಡಾಕ್ಟ್ರ ಕೆಲಸ. ಮೂರು ತಿಂಗಳು ದಮ್ಮು ಹಿಡಿತದಲ್ಲಿದ್ರೆ ಒಂದು ಮೆಟ್ಟಲು ಇಳಿಸಿ ನೋಡ್ಬಹುದು ಅಂತ ಅವರ ಪದ್ಧತೀಲೇ ಇದೆ, ಆದ್ರೆ ಬಹಳ ಜನ ಹಳೇ ಚೀಟಿ ತೋರಿಸಿ ಅದೇ ಡೋಸನ್ನ ವರ್ಷಗಟ್ಟಲೆ ತಗೋತಿರ್ತಾರೆ, ವಾಪಸ್ ಹೋಗೋದೇ ಇಲ್ಲ. ಹೋಗಿ ಕೇಳಿ. ಡಾಕ್ಟ್ರೇ ನನ್ನ ಕೆಲಸ ಹಿಂಗಿಂಗೆ, ದನಿ ಬೇಕು, ಏನಾದ್ರೂ ಬದಲಾಯಿಸೋಕೆ ಆಗುತ್ತಾ ಅಂತ ಬಾಯಿಬಿಟ್ಟು ಹೇಳಿ. ಸೈಕ್ಲೆಸೊನೈಡ್ ಅಂತ ಒಂದು ಸ್ಟೀರಾಯ್ಡ್ ಇದೆ, ಅದು ಶ್ವಾಸಕೋಶ ಮುಟ್ಟಿದ ಮೇಲೆ ಅಲ್ಲಿ ಚುರುಕಾಗೋದು, ಗಂಟಲಲ್ಲಿ ಹೆಚ್ಚಾಗಿ ಸುಮ್ನೆ ಇರುತ್ತೆ. ಎಲ್ಲರಿಗೂ ಹೊಂದುತ್ತೆ ಅಂತಲ್ಲ, ಆದ್ರೆ ಅಂಥದ್ದೊಂದು ಇದೆ ಅಂತ ಗೊತ್ತಿದ್ರೆ ಕೇಳ್ಬಹುದು. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸೋದು ಮಾತ್ರ ಬೇಡ.

ಇನ್ನು ಗಂಟಲಿನ ಪಾಲನೆ. ದನಿ ಕೂತಾಗ ನಾವೆಲ್ಲಾ ಮಾಡೋದು ಪಿಸುಗುಟ್ಟೋದು, ಅದರಿಂದ ಗಂಟಲಿಗೆ ರೆಸ್ಟು ಸಿಗುತ್ತೆ ಅಂದ್ಕೊಂಡಿರ್ತೀವಿ. ಒತ್ತಿ ಪಿಸುಗುಟ್ಟಿದ್ರೆ ಇನ್ನೂ ಆಯಾಸ ಅಂತ ಸ್ಪೀಚ್ ಥೆರಪಿಸ್ಟ್ ಹೇಳಿದ್ರು, ಮಾತಾಡಿದ್ರೆ ಮೆಲ್ಲಗೆ ಮಾಮೂಲಿ ದನೀಲಿ ಮಾತಾಡಿ, ಇಲ್ಲಾ ಬಾಯಿ ಮುಚ್ಕೊಂಡಿರಿ ಅಂದ್ರು. ಖಾಕರಿಸೋದೂ ಅಷ್ಟೇ, ಪ್ರತಿ ಸಲ ಖಾಕರಿಸಿದಾಗ ಆ ತಂತುಗಳು ಒಂದಕ್ಕೊಂದು ಬಡ್ಕೊಂಡು ಇನ್ನೂ ಊತ ಬರುತ್ತೆ, ಅದರ ಬದಲು ಒಂದು ಗುಟುಕು ನೀರು ನುಂಗಿ. ಹೊಟ್ಟೆಯಿಂದ ಉಸಿರು ತಗೊಂಡು ದನಿ ಎತ್ತೋದು ಹೆಂಗೆ ಅಂತ ಅವರೇ ಕಲಿಸಿದ್ರು, ಇಷ್ಟು ವರ್ಷ ಕತ್ತಿನ ನರ ಉಬ್ಬಿಸ್ಕೊಂಡು ಕೂಗ್ತಿದ್ನಲ್ಲ ಅನ್ನಿಸ್ತು. ದನಿಗೂ ಥೆರಪಿ ಇದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಮೈಸೂರಿನ ಮಾನಸಗಂಗೋತ್ರೀಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇಡೀ ದೇಶದಿಂದ ಅಲ್ಲಿಗೆ ಬರ್ತಾರೆ, ನಮ್ಮ ರಾಜ್ಯದೋರಿಗೇ ಅದು ಕಿವಿ ಕೇಳದೆ ಇರೋರ ಆಸ್ಪತ್ರೆ ಅಂತ ಮಾತ್ರ ಗೊತ್ತು.

ಮನೆಮದ್ದು ಕೇಳ್ತೀರಿ ಅಂತ ಗೊತ್ತು. ಅತಿಮಧುರ, ಕಲ್ಲುಸಕ್ಕರೆ, ಕಾಳುಮೆಣಸು, ಎಲ್ಲಾ ಆಯ್ತು. ಬಾಯಲ್ಲಿಟ್ಕೊಂಡ್ರೆ ಹಿತ ಅನ್ಸುತ್ತೆ, ಸ್ನಾಯು ಗಟ್ಟಿ ಆಗಲ್ಲ. ಅತಿಮಧುರ ದಿನಾ ಜಾಸ್ತಿ ತಿಂದ್ರೆ ಬಿಪಿ ಏರುತ್ತೆ, ಬಿಪಿ ಇರೋರು ನೋಡ್ಕೊಳಿ. ಕೆಲಸಕ್ಕೆ ನನಗೆ ಕೈ ಹಿಡಿದಿದ್ದು ಟೀಚರ್‌ಗಳು ಸೊಂಟಕ್ಕೆ ಕಟ್ಕೊಳೋ ಸಣ್ಣ ಮೈಕು. ಮೊದಮೊದಲು ಮಂಡೀಲಿ ನಕ್ರು, ದೇವಸ್ಥಾನದ ಅನೌನ್ಸ್‌ಮೆಂಟು ಅಂದ್ರು, ಈಗ ಗಂಟಲು ಸರಿ ಇರೋ ಇಬ್ರು ಕೂಗೋರೂ ಅದೇ ಕಟ್ಕೊಂಡಿದಾರೆ. ತೀರಾ ಆಗದ ದಿನ ನಮ್ಮ ಹುಡುಗ ಕೂಗ್ತಾನೆ, ನಾನು ಬೆರಳಲ್ಲಿ ರೇಟು ತೋರಿಸ್ತೀನಿ. ದನದ ಜಾತ್ರೇಲಿ ಟವಲ್ ಕೆಳಗೆ ಬೆರಳು ಹಿಡ್ಕೊಂಡು ಬಾಯಿ ಬಿಡದೇನೇ ಜೋಡೆತ್ತಿನ ವ್ಯಾಪಾರ ಮುಗಿಸ್ತಿದ್ರು ನಮ್ಮಪ್ಪ, ಅವರ ಮಗ ನಾನು.

ಒಂದು ಎಚ್ಚರಿಕೆ ಮಾತ್ರ. ದನಿ ಕೂತಿದ್ದೆಲ್ಲಾ ಇನ್‌ಹೇಲರ್‌ದೇ ಅಂತ ಸುಮ್ನೆ ಕೂರೋಕೂ ಹೋಗ್ಬೇಡಿ. ಮೂರು ವಾರ ಆದ್ರೂ ಗೊಗ್ಗರು ಹೋಗ್ಲಿಲ್ಲ ಅಂದ್ರೆ ಇಎನ್‌ಟಿಯವರು ಒಳಗೆ ನೋಡ್ಲೇಬೇಕು, ಬೀಡಿ ಸಿಗರೇಟು ಹೊಗೆಸೊಪ್ಪು ಅಭ್ಯಾಸ ಇರೋರು, ನುಂಗೋಕೆ ಕಷ್ಟ ಆಗೋರು, ಕತ್ತಲ್ಲಿ ಗಂಟು ಸಿಗೋರು, ಕೆಮ್ಮಿದ್ರೆ ರಕ್ತ ಬರೋರು ಅಷ್ಟೂ ಕಾಯ್ಬಾರದು.

ಕೇಳ್ಕೊಳೋದು ಇಷ್ಟು. ಇನ್‌ಹೇಲರ್ ಬರೆಯೋ ಡಾಕ್ಟ್ರಿಗೆ ಹೊರಗಡೆ ನೂರು ಜನ ಕಾಯ್ತಿರ್ತಾರೆ ಅಂತ ನಮಗೂ ಗೊತ್ತು, ಆದ್ರೆ "ಗಂಟಲು ಕೂರಬಹುದು, ಮುಕ್ಕಳಿಸಿ ಉಗೀರಿ, ಕೂತ್ರೆ ನಿಲ್ಲಿಸ್ದೆ ನನ್ನ ಹತ್ರ ಬನ್ನಿ" ಅನ್ನೋಕೆ ಎಷ್ಟು ಹೊತ್ತು ಬೇಕು. ರೋಗಿ ಏನು ಕೆಲಸ ಮಾಡ್ತಾನೆ ಅಂತ ಒಂದು ಮಾತು ಕೇಳಿದ್ರೆ ಇನ್ನೂ ಒಳ್ಳೇದು. ಮೆಡಿಕಲ್ ಶಾಪಿನವರು ಡಬ್ಬಿ ಮೇಲೆ ಬೆಳಗ್ಗೆ ರಾತ್ರಿ ಅಂತ ಪೆನ್ನಲ್ಲಿ ಬರೀತಾರಲ್ಲ, ಅದರ ಕೆಳಗೆ "ಬಾಯಿ ಮುಕ್ಕಳಿಸಿ" ಅಂತ ಇನ್ನೊಂದು ಲೈನು ಬರೀಲಿ. ಕೇಂದ್ರ ಸರ್ಕಾರದ ಅಗತ್ಯ ಔಷಧಿ ಪಟ್ಟೀಲಿ ಬುಡೆಸೊನೈಡ್ ಇನ್‌ಹೇಲರ್ ಇದೆ, ಆದ್ರೆ ಅದನ್ನ ಎಳೆಯೋದು ಹೆಂಗೆ ಅನ್ನೋ ಕನ್ನಡದ ಚೀಟಿ ನನಗೆ ಸಿಕ್ಕಿಲ್ಲ. ಆರೋಗ್ಯ ಇಲಾಖೆಯವರು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೇಲಿ ಟೀಬಿ, ಡೆಂಗಿ ಪೋಸ್ಟರ್ ಪಕ್ಕ ಇದಕ್ಕೂ ಒಂದು ಜಾಗ ಮಾಡ್ಲಿ, ಗಡಿ ತಾಲೂಕುಗಳಲ್ಲಿ ತೆಲುಗಲ್ಲೂ ಹಾಕ್ಲಿ.

ನಿಮ್ಮನ್ನ ಕೇಳೋದು ಬೇರೆ. ಮೇ ತಿಂಗಳ ಮೊದಲನೇ ಮಂಗಳವಾರ ವಿಶ್ವ ಆಸ್ತಮಾ ದಿನ ಅಂತ ನೀವು ಪ್ರತಿ ವರ್ಷ ಅರ್ಧ ಪುಟ ಕೊಡ್ತೀರಿ, ಅದರಲ್ಲಿ ಅರ್ಧ ಜಾಗ ಯಾವುದೋ ಹೆಣ್ಣುಮಗಳು ಎದೆ ಹಿಡ್ಕೊಂಡಿರೋ ಫೋಟೋಗೇ ಹೋಗುತ್ತೆ. ಈ ಸಲ ಆ ಫೋಟೋ ತೆಗೆದು ಅಲ್ಲಿ ನಾಲ್ಕು ಚಿತ್ರ ಬರೆಸಿ ಹಾಕಿ, ಪಂಪು ಸ್ಪೇಸರ್‌ಗೆ ಸಿಕ್ಕಿಸೋದು, ಉಸಿರೆಳೆದು ತಡೆಯೋದು, ಮುಕ್ಕಳಿಸೋದು, ಉಗಿಯೋದು. ಅಕ್ಷರ ದಪ್ಪಗಿರ್ಲಿ. ನಮ್ಮ ಮಂಡಿ ಗೋಡೆಗೆ ನಾನೇ ಅಂಟಿಸ್ತೀನಿ.

ಇಂತಿ,
ಟೊಮೆಟೊ ಹರಾಜು ಕೂಗುವವನು, ಕೋಲಾರ